ಕೊನೆಯ ಸೆಮಿಸ್ಟರಿನವರಿಗೆ ಒಂದು ಬಹಿರಂಗ ಪತ್ರ: ಗೊತ್ತಿಲ್ಲದ್ದನ್ನು ಬೇಗ ಕೇಳಿ

ಕೊನೆಯ ಸೆಮಿಸ್ಟರಿನಲ್ಲಿರುವ ಎಲ್ಲರಿಗೂ ನಮಸ್ಕಾರ.

ಇನ್ನು ಕೆಲವೇ ತಿಂಗಳಲ್ಲಿ ನಿಮ್ಮಲ್ಲಿ ಹಲವರು ಕೊರಳಿಗೆ ಹೊಸ ಗುರುತಿನ ಚೀಟಿ ಹಾಕಿಕೊಂಡು ಯಾವುದೋ ಕಚೇರಿಯೊಳಗೆ ಕಾಲಿಟ್ಟಿರುತ್ತೀರಿ. ಉಳಿದವರು ಅರ್ಜಿ ಹಾಕುತ್ತ, ಉತ್ತರಕ್ಕೆ ಕಾಯುತ್ತ ಕೂತಿರುತ್ತೀರಿ. ಸಲಹೆಗಳಿಗಂತೂ ಯಾರಿಗೂ ಬರವಿರುವುದಿಲ್ಲ. ಇಷ್ಟವಾದದ್ದನ್ನೇ ಮಾಡಿ ಎನ್ನುವವರೊಬ್ಬರು, ಸಂಬಳ ನೋಡಿ ಸೇರಿ ಎನ್ನುವವರೊಬ್ಬರು, ಇಂಗ್ಲಿಷ್ ಸರಿ ಮಾಡಿಕೊಳ್ಳಿ ಎನ್ನುವವರೊಬ್ಬರು. ಇವನ್ನೆಲ್ಲ ನಾನು ಮತ್ತೆ ಹೇಳುವುದಿಲ್ಲ. ಹೊಸಬರನ್ನು ಕೆಲಸಕ್ಕೆ ತೆಗೆದುಕೊಳ್ಳುವುದು, ಆಮೇಲೆ ಅವರ ಪಕ್ಕದಲ್ಲೇ ಕೂತು ಕೆಲಸ ಮಾಡುವುದು ನನ್ನ ಉದ್ಯೋಗದ ಒಂದು ಭಾಗ. ಇಷ್ಟು ವರ್ಷಗಳಲ್ಲಿ ಎಡವಿದವರನ್ನು ನೆನೆಸಿಕೊಂಡರೆ, ಬುದ್ಧಿ ಸಾಲದೆ ಎಡವಿದವರು ಅಪರೂಪ. ಅರ್ಥವಾಗದೆಯೂ ಅರ್ಥವಾಯಿತೆಂದು ತಲೆಯಾಡಿಸಿ, ಆಮೇಲೆ ಯಾರನ್ನೂ ಕೇಳಲಾಗದೆ ವಾರಗಟ್ಟಲೆ ಒಳಗೊಳಗೇ ಒದ್ದಾಡಿದವರೇ ಹೆಚ್ಚು.

ಇದರಲ್ಲಿ ನಿಮ್ಮ ತಪ್ಪು ಕಡಿಮೆ. ಹದಿನೈದು ಹದಿನಾರು ವರ್ಷ ನಿಮ್ಮನ್ನು ಪಳಗಿಸಿರುವುದೇ ಹಾಗೆ. ಪರೀಕ್ಷೆಯಲ್ಲಿ ಪಕ್ಕದವರನ್ನು ಕೇಳಿದರೆ ಅದು ನಕಲು. ಪ್ರಶ್ನೆ ಪೂರ್ತಿಯಾಗಿ ಅಚ್ಚಾಗಿ ಕೈಗೆ ಬರುತ್ತದೆ. ಎಷ್ಟು ಅಂಕಕ್ಕೆ ಎಷ್ಟು ಬರೆಯಬೇಕು ಎಂಬುದೂ ಗೊತ್ತಿರುತ್ತದೆ. ಉತ್ತರ ಮೊದಲೇ ಇನ್ನೊಬ್ಬರ ಬಳಿ ಇರುತ್ತದೆ. ಕಚೇರಿಯಲ್ಲಿ ಇವೆಲ್ಲ ತಲೆಕೆಳಗು. ಅಲ್ಲಿ ಪ್ರಶ್ನೆಯೇ ಅರ್ಧ ಬಂದಿರುತ್ತದೆ, ಕೇಳಿದವರಿಗೂ ಉತ್ತರ ಗೊತ್ತಿರುವುದಿಲ್ಲ, ಪಕ್ಕದವರನ್ನು ಕೇಳದೆ ಇರುವುದೇ ದೊಡ್ಡ ಲೋಪವಾಗುತ್ತದೆ.

ಒಂದು ಉದಾಹರಣೆ. ಮ್ಯಾನೇಜರ್ ನಡೆದು ಹೋಗುತ್ತಲೇ, "ಕಳೆದ ಮೂರು ತಿಂಗಳ ದೂರುಗಳನ್ನು ಒಮ್ಮೆ ನೋಡಿ ಒಂದು ವರದಿ ಮಾಡಿಕೊಡಿ" ಎನ್ನುತ್ತಾರೆ. ನೀವು "ಆಯ್ತು ಸರ್" ಎಂದು ಬಿಡುತ್ತೀರಿ. ಈ ಒಂದು ವಾಕ್ಯದಲ್ಲಿ ಎಷ್ಟು ವಿಷಯ ಬಿಟ್ಟುಹೋಗಿದೆ ನೋಡಿ. ಬಂದ ದೂರುಗಳೆಲ್ಲವೋ, ಇನ್ನೂ ಬಗೆಹರಿಯದವು ಮಾತ್ರವೋ? ವರದಿ ಓದುವವರು ಯಾರು, ಇವರೊಬ್ಬರೇನಾ, ಅಥವಾ ಇವರ ಮೇಲಿನವರಾ? ಓದಿ ಅವರು ಏನು ತೀರ್ಮಾನ ಮಾಡಬೇಕಿದೆ? ಅರ್ಧ ಪುಟ ಸಾಕೋ, ಇಪ್ಪತ್ತು ಪುಟ ಬೇಕೋ? ನಾಳೆಗೋ, ಮುಂದಿನ ವಾರಕ್ಕೋ? "ಒಮ್ಮೆ ನೋಡಿ" ಎಂದರೆ ಸುಮ್ಮನೆ ಮೇಲ್ನೋಟಕ್ಕೆ ಕಣ್ಣಾಡಿಸುವುದೋ, ಒಂದೊಂದನ್ನೂ ಬಿಡಿಸಿ ನೋಡುವುದೋ? ಮ್ಯಾನೇಜರ್ ಇದನ್ನೆಲ್ಲ ಬೇಕೆಂದೇ ಮುಚ್ಚಿಟ್ಟಿಲ್ಲ. ಅವರ ತಲೆಯಲ್ಲಿ ಆ ಹಿನ್ನೆಲೆ ಎಷ್ಟು ದಿನದಿಂದ ಇದೆಯೆಂದರೆ, ನಿಮ್ಮ ತಲೆಯಲ್ಲಿ ಅದು ಇಲ್ಲ ಎಂಬುದೇ ಅವರಿಗೆ ಹೊಳೆದಿಲ್ಲ.

ನಮ್ಮಲ್ಲಿಗೆ ಹೊಸದಾಗಿ ಸೇರಿದ್ದ ಒಬ್ಬ ಹುಡುಗಿ ಇಂಥ ಸಂದರ್ಭದಲ್ಲಿ ಮಾಡುತ್ತಿದ್ದುದು ನನಗೆ ಬಹಳ ಹಿಡಿಸಿತ್ತು. ಬಾಯಿಮಾತಿನಲ್ಲಿ ಕೆಲಸ ಹೇಳಿದರೆ, ಹತ್ತು ನಿಮಿಷದಲ್ಲಿ ಅವಳಿಂದ ಒಂದು ಪುಟ್ಟ ಇಮೇಲ್ ಬರುತ್ತಿತ್ತು: "ನನಗೆ ಅರ್ಥವಾಗಿರುವುದು ಇಷ್ಟು. ಬಗೆಹರಿಯದ ದೂರುಗಳನ್ನು ಮಾತ್ರ ತೆಗೆದುಕೊಂಡು, ಕಾರಣದ ಪ್ರಕಾರ ವಿಂಗಡಿಸಿ, ಒಂದು ಪುಟದಲ್ಲಿ ಗುರುವಾರ ಸಂಜೆಯೊಳಗೆ ಕೊಡುತ್ತೇನೆ. ಬೇರೆ ಏನಾದರೂ ಬೇಕಿದ್ದರೆ ತಿಳಿಸಿ." ಅಷ್ಟೇ. ಅದರಲ್ಲಿ ಒಂದೂ ಪ್ರಶ್ನಾರ್ಥಕ ಚಿಹ್ನೆ ಇಲ್ಲ, ಆದರೂ ಮೂರು ನಾಲ್ಕು ಪ್ರಶ್ನೆ ಕೇಳಿಯಾಗಿದೆ. ತಪ್ಪು ತಿಳಿದಿದ್ದರೆ ಅಲ್ಲೇ ತಿದ್ದಬಹುದು, ಸರಿಯಿದ್ದರೆ "ಸರಿ" ಎಂದು ಒಂದು ಪದ ಬರೆದರೆ ಮುಗಿಯಿತು. ಈ ಒಂದು ಅಭ್ಯಾಸ ಕಲಿತುಕೊಳ್ಳಿ. ನಿಮ್ಮ ರೆಸ್ಯೂಮೆಯಲ್ಲಿ "ಉತ್ತಮ ಸಂವಹನ ಕೌಶಲ" ಎಂದು ಬರೆದುಕೊಳ್ಳುತ್ತೀರಲ್ಲ, ಅದನ್ನು ಕೆಲಸದಲ್ಲಿ ಅಳೆಯುವುದು ಭಾಷಣದಿಂದಲ್ಲ, ಇಂಥ ನಾಲ್ಕು ಸಾಲಿನಿಂದ.

ಹಾಗಂತ ಎದುರಿಗೆ ಕಂಡವರನ್ನೆಲ್ಲ ಕಂಡಕಂಡದ್ದು ಕೇಳುವುದೂ ಬೇಡ. ಕೇಳುವುದಕ್ಕೊಂದು ರೀತಿಯಿದೆ. "ಇದು ಬರ್ತಾ ಇಲ್ಲ, ಸ್ವಲ್ಪ ನೋಡ್ತೀರಾ?" ಎಂದರೆ ಇಡೀ ಹೊರೆಯನ್ನು ಎದುರಿನವರ ತಲೆಗೆ ದಾಟಿಸಿದ ಹಾಗೆ. ಅದರ ಬದಲು, ಏನು ಮಾಡಲು ಹೊರಟಿದ್ದೆ, ಏನೇನು ಮಾಡಿ ನೋಡಿದೆ, ಎಲ್ಲಿ ನಿಂತಿತು, ಪರದೆಯ ಮೇಲೆ ಏನು ಕಾಣಿಸಿತು, ನನ್ನ ಅನುಮಾನ ಏನು ಎಂದು ಹೇಳಿ. ಹೀಗೆ ಬರೆಯಲು ಕೂತಾಗ ಅರ್ಧದಷ್ಟು ಸಲ ಉತ್ತರ ನಿಮಗೇ ಹೊಳೆಯುತ್ತದೆ. ಹೊಳೆಯದಿದ್ದರೆ ಕಳಿಸಿ. ಸಿಕ್ಕಿದ ಉತ್ತರವನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ. ಒಂದೇ ಪ್ರಶ್ನೆಯನ್ನು ಎರಡನೇ ಸಲ ಕೇಳಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಐದನೇ ಸಲ ಕೇಳಿದಾಗ ಮುಖ ಸಣ್ಣಗಾಗುತ್ತದೆ.

ಎಷ್ಟು ಹೊತ್ತು ಒಬ್ಬರೇ ಪ್ರಯತ್ನಿಸಿ ಕೇಳಬೇಕು ಎಂದು ನನ್ನನ್ನು ಯಾವಾಗಲೂ ಕೇಳುತ್ತಾರೆ. ಗಡಿಯಾರದ ಲೆಕ್ಕ ಕೊಡಲಾರೆ. ಹೊಸದೇನನ್ನೂ ಪ್ರಯತ್ನಿಸದೆ, ಮಾಡಿದ್ದನ್ನೇ ಮತ್ತೆ ಮಾಡುತ್ತಿದ್ದೀರಿ ಎಂದು ಅನ್ನಿಸಿದ ಕ್ಷಣವೇ ಕೇಳುವ ಹೊತ್ತು.

ಕೇಳುವುದಕ್ಕಿಂತ ಕಷ್ಟದ ಇನ್ನೊಂದು ಕೆಲಸವಿದೆ: ಕೆಟ್ಟ ಸುದ್ದಿ ಹೇಳುವುದು. ಶುಕ್ರವಾರ ಕೊಡಬೇಕಾದ ಕೆಲಸ ಶುಕ್ರವಾರ ಆಗುವುದಿಲ್ಲ ಎಂದು ನಿಮಗೆ ಮಂಗಳವಾರವೇ ಗೊತ್ತಾಗಿರುತ್ತದೆ. ಆದರೂ ರಾತ್ರಿ ಕೂತು ಹೇಗೋ ಮುಗಿಸಿಬಿಡೋಣ ಎಂದು ಬುಧವಾರ, ಗುರುವಾರ ತಳ್ಳುತ್ತೀರಿ. ಶುಕ್ರವಾರ ಸಂಜೆ "ಆಗಲಿಲ್ಲ" ಎನ್ನುತ್ತೀರಿ. ಮಂಗಳವಾರವೇ ಹೇಳಿದ್ದರೆ ಇನ್ನೊಬ್ಬರನ್ನು ಜೊತೆಗೆ ಹಾಕಬಹುದಿತ್ತು, ಕೆಲಸ ಕಿರಿದು ಮಾಡಬಹುದಿತ್ತು, ಕಾಯುತ್ತಿರುವವರಿಗೆ ಮುಂಚೆಯೇ ತಿಳಿಸಬಹುದಿತ್ತು. ಶುಕ್ರವಾರ ಸಂಜೆ ಕ್ಷಮೆ ಕೇಳುವುದನ್ನು ಬಿಟ್ಟು ಬೇರೇನೂ ಉಳಿದಿರುವುದಿಲ್ಲ. ಸುದ್ದಿ ಅದೇ, ಹೇಳಿದ ದಿನ ಬೇರೆ.

ಟೊಯೊಟಾದ ಕಾರು ಕಾರ್ಖಾನೆಗಳಲ್ಲಿ ಇದಕ್ಕೆಂದೇ ಒಂದು ಏರ್ಪಾಡು ಮಾಡಿದರು. ಜೋಡಣೆಯ ಸಾಲಿನುದ್ದಕ್ಕೂ ಕೆಲಸಗಾರರ ಕೈಗೆಟಕುವಂತೆ ಒಂದು ಹಗ್ಗ. ಯಾರಿಗೆ ಏನೇ ಸರಿಯಿಲ್ಲ ಎನ್ನಿಸಿದರೂ, ಅವರು ನಿನ್ನೆ ಸೇರಿದವರೇ ಆಗಿರಲಿ, ಎಳೆಯಬಹುದು. ಯಾವ ಜಾಗದಲ್ಲಿ ತೊಂದರೆ ಎಂದು ಫಲಕದಲ್ಲಿ ದೀಪ ಹೊತ್ತಿಕೊಳ್ಳುತ್ತದೆ, ತಂಡದ ಮುಖ್ಯಸ್ಥ ಓಡಿ ಬರುತ್ತಾನೆ. ಅಲ್ಲೇ ಬಗೆಹರಿದರೆ ಸಾಲು ಮುಂದುವರಿಯುತ್ತದೆ, ಇಲ್ಲವಾದರೆ ನಿಲ್ಲುತ್ತದೆ. ಸಾಲು ನಿಂತರೆ ನಷ್ಟ ಎಂದು ಅವರಿಗೆ ಗೊತ್ತಿಲ್ಲದೆ ಇಲ್ಲ. ದೋಷ ಮುಂದಿನ ಹತ್ತು ಹಂತ ದಾಟಿ ಹೋದ ಮೇಲೆ ತಿದ್ದಲು ಬೀಳುವ ಖರ್ಚಿನ ಮುಂದೆ ಅದು ಸಣ್ಣದು ಎಂಬ ಲೆಕ್ಕಾಚಾರ ಅದು. ನಿಮ್ಮ ಕಚೇರಿಯಲ್ಲಿ ಅಂಥ ಹಗ್ಗ ತೂಗುಹಾಕಿರುವುದಿಲ್ಲ. ಎಳೆಯುವ ಕೆಲಸ ಮಾತ್ರ ಇದ್ದೇ ಇರುತ್ತದೆ.

ಇನ್ನೊಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಹಿರಿಯರ ಎದುರು ಬಾಯಿ ಬಿಡುವುದು ಹೇಗೆ ಎಂದು ಯೋಚಿಸುವವರೆಲ್ಲ ಇದನ್ನು ತಿಳಿದಿರಬೇಕು. 1977ರ ಮಾರ್ಚ್ 27. ಸ್ಪೇನ್‌ಗೆ ಸೇರಿದ ಕ್ಯಾನರಿ ದ್ವೀಪಗಳ ಟೆನೆರಿಫ್ ವಿಮಾನ ನಿಲ್ದಾಣದಲ್ಲಿ ದಟ್ಟ ಮಂಜು. ಒಂದೇ ರನ್‌ವೇ ಮೇಲೆ ಎರಡು ಬೋಯಿಂಗ್ 747 ವಿಮಾನಗಳು, ಒಂದು ನೆದರ್ಲ್ಯಾಂಡ್ಸ್‌ನ ಕೆಎಲ್ಎಂ ಸಂಸ್ಥೆಯದು, ಇನ್ನೊಂದು ಅಮೆರಿಕದ ಪ್ಯಾನ್ ಆಮ್ ಸಂಸ್ಥೆಯದು. ಒಂದಕ್ಕೊಂದು ಕಾಣಿಸುತ್ತಿಲ್ಲ. ಕೆಎಲ್ಎಂ ವಿಮಾನದ ಕ್ಯಾಪ್ಟನ್ ಸಾಮಾನ್ಯ ವ್ಯಕ್ತಿಯಲ್ಲ, ಆ ಸಂಸ್ಥೆಯ ಪೈಲಟ್‌ಗಳಿಗೇ ತರಬೇತಿ ಕೊಡುತ್ತಿದ್ದ ಹಿರಿಯ. ಪಕ್ಕದಲ್ಲಿದ್ದ ಸಹ ಪೈಲಟ್‌ಗೆ 747 ಹಾರಿಸಲು ಯೋಗ್ಯ ಎಂದು ಪರೀಕ್ಷೆ ಮಾಡಿ ಒಪ್ಪಿಗೆ ಕೊಟ್ಟಿದ್ದವರೂ ಅವರೇ. ಕ್ಯಾಪ್ಟನ್ ಒಮ್ಮೆ ಹೊರಡಲು ಮುಂದಾದಾಗ ಸಹ ಪೈಲಟ್, ಇನ್ನೂ ಅನುಮತಿ ಬಂದಿಲ್ಲವೆಂದು ತಡೆದರು. ಎರಡನೇ ಸಲ ಕ್ಯಾಪ್ಟನ್ ಹೊರಟೇಬಿಟ್ಟಾಗ ಅವರು ಸುಮ್ಮನಾದರು. ಹಿಂದೆ ಕೂತಿದ್ದ ಫ್ಲೈಟ್ ಎಂಜಿನಿಯರ್ ರೇಡಿಯೋದಲ್ಲಿ ಬಂದ ಮಾತು ಕೇಳಿ ಅನುಮಾನಗೊಂಡು, ಆ ಪ್ಯಾನ್ ಆಮ್ ವಿಮಾನ ರನ್‌ವೇ ಬಿಟ್ಟು ಹೋಗಿಲ್ಲವೇ ಎಂದು ಕೇಳಿದರು. ಹೋಗಿದೆ ಎಂದು ಕ್ಯಾಪ್ಟನ್ ಖಚಿತವಾಗಿ ಹೇಳಿದರು. ಎಂಜಿನಿಯರ್ ಮತ್ತೆ ಕೇಳಲಿಲ್ಲ. ಎರಡೂ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ವಿಮಾನಯಾನದ ಇತಿಹಾಸದಲ್ಲಿ ಒಂದು ಅಪಘಾತದಲ್ಲಿ ಅಷ್ಟು ಮಂದಿ ಸತ್ತದ್ದು ಇನ್ನೊಂದಿಲ್ಲ.

ಮಂಜು, ಒಂದೇ ಸಮಯಕ್ಕೆ ಇಬ್ಬರು ಮಾತಾಡಿ ಗೊಂದಲವಾದ ರೇಡಿಯೋ, ತಡವಾಗುತ್ತಿದ್ದ ಹೊತ್ತು, ಹೀಗೆ ಕಾರಣಗಳು ಹಲವಿದ್ದವು. ಆದರೆ ವಿಮಾನಯಾನ ಕ್ಷೇತ್ರ ಇಂಥ ಅಪಘಾತಗಳಿಂದ ಒಂದು ಪಾಠವನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಕಾಕ್‌ಪಿಟ್‌ನಲ್ಲಿ ಕಿರಿಯರು ಅನುಮಾನವನ್ನು ಸ್ಪಷ್ಟವಾಗಿ ಹೇಳುವುದನ್ನು, ಹಿರಿಯರು ಅದನ್ನು ಕೇಳಿಸಿಕೊಳ್ಳುವುದನ್ನು ತರಬೇತಿಯ ಭಾಗವಾಗಿ ಮಾಡಿದರು. 1979ರಲ್ಲಿ ನಾಸಾ ಈ ಬಗ್ಗೆ ಕಾರ್ಯಾಗಾರ ನಡೆಸಿತು. 1981ರಲ್ಲಿ ಯುನೈಟೆಡ್ ಏರ್‌ಲೈನ್ಸ್ ತನ್ನ ಸಿಬ್ಬಂದಿಗೆ ಅಂಥ ತರಬೇತಿ ಆರಂಭಿಸಿತು. ಇಂದು ಅದು ಪ್ರಪಂಚದೆಲ್ಲೆಡೆ ಪೈಲಟ್‌ಗಳ ಪಾಠದಲ್ಲಿದೆ. ನಿಮ್ಮ ಕೆಲಸದಲ್ಲಿ ಯಾರ ಜೀವವೂ ಪಣಕ್ಕಿರಲಿಕ್ಕಿಲ್ಲ. ಆದರೆ ಅನುಮಾನವನ್ನು ಮೆಲ್ಲಗೆ ಒಮ್ಮೆ ಪ್ರಶ್ನೆಯ ರೂಪದಲ್ಲಿ ಹೇಳಿ, ಹಿರಿಯರು "ಸರಿಯಿದೆ" ಎಂದ ಕೂಡಲೇ ನುಂಗಿಕೊಳ್ಳುವುದು ನಾನು ಕಂಡ ಎಲ್ಲ ಕಚೇರಿಗಳಲ್ಲೂ ಇದೆ. ಎರಡನೇ ಸಲ ಹೇಳುವಾಗ ಪ್ರಶ್ನೆ ಬಿಟ್ಟು ಕಾರಣ ಹೇಳಿ: "ಈ ಸಂಖ್ಯೆ ಕಳೆದ ತಿಂಗಳದ್ದಕ್ಕೆ ತಾಳೆಯಾಗುತ್ತಿಲ್ಲ, ಕಳಿಸುವ ಮೊದಲು ಐದು ನಿಮಿಷ ಒಟ್ಟಿಗೆ ನೋಡೋಣವೇ?" ಇದರಲ್ಲಿ ಅಗೌರವ ಎಲ್ಲೂ ಇಲ್ಲ.

ತಪ್ಪು ಒಪ್ಪಿಕೊಂಡರೆ ಹೆಸರು ಕೆಡುತ್ತದೆ ಎಂಬ ಭಯ ನಿಮಗಿರಬಹುದು. ಏಮಿ ಎಡ್ಮಂಡ್ಸನ್ ಎಂಬ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡುತ್ತಿದ್ದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕು ಎಂಬುದು ಅವರ ನಿರೀಕ್ಷೆ. ಲೆಕ್ಕ ಉಲ್ಟಾ ಬಂತು, ಒಳ್ಳೆಯ ತಂಡಗಳಲ್ಲೇ ತಪ್ಪಿನ ಸಂಖ್ಯೆ ಹೆಚ್ಚು. ಕೆದಕಿ ನೋಡಿದಾಗ ಸಿಕ್ಕ ವಿವರಣೆ ಇದು: ಆ ತಂಡಗಳು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಆದ ತಪ್ಪನ್ನು ಹೆಚ್ಚು ಮುಕ್ತವಾಗಿ ಹೇಳಿಕೊಳ್ಳುತ್ತಿದ್ದವು. ಉಳಿದ ಕಡೆ ತಪ್ಪುಗಳು ದಾಖಲೆಗೇ ಬರುತ್ತಿರಲಿಲ್ಲ. ನೀವು ಸೇರುವ ತಂಡ ಎಂಥದ್ದು ಎಂದು ಅಳೆಯಲು ಇದಕ್ಕಿಂತ ಸುಲಭದ ಅಳತೆಗೋಲು ನನಗೆ ಗೊತ್ತಿಲ್ಲ. ಮೊದಲ ತಿಂಗಳಲ್ಲಿ ಯಾರಾದರೂ "ಅದು ನನ್ನಿಂದಾದ ಎಡವಟ್ಟು" ಎಂದು ಮೀಟಿಂಗಿನಲ್ಲಿ ಹೇಳುವುದನ್ನು ಕೇಳಿದಿರಾ? ಹೇಳಿದ ಮೇಲೆ ಉಳಿದವರು ಏನು ಮಾಡಿದರು?

ಇದೆಲ್ಲ ಕೆಲಸ ಸಿಕ್ಕ ಮೇಲಿನ ಮಾತು, ಮೊದಲು ಸಿಗಲಿ ಎನ್ನುತ್ತಿದ್ದೀರಿ, ಗೊತ್ತು. ಅಲ್ಲೂ ಕೇಳುವವರಿಗೇ ದಾರಿ ಕಾಣುವುದು. 1973ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್, ಪರಿಚಯದ ಮೂಲಕ ಕೆಲಸ ಪಡೆದವರನ್ನು ಮಾತಾಡಿಸಿ, ಆ ಪರಿಚಯದವರನ್ನು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ ಎಂದು ಕೇಳಿದರು. ಆಗಾಗ ಭೇಟಿಯಾಗುತ್ತಿದ್ದೆವು ಎಂದವರು ಶೇ. 17ರಷ್ಟು ಮಾತ್ರ. ಅಪರೂಪಕ್ಕೊಮ್ಮೆ ಕಾಣುತ್ತಿದ್ದೆವು ಎಂದವರು ಶೇ. 28ರಷ್ಟು. ಉಳಿದ ಅರ್ಧಕ್ಕೂ ಹೆಚ್ಚು ಮಂದಿಯದು ಇವೆರಡರ ನಡುವಿನ ಒಡನಾಟ. ಆಪ್ತ ಗೆಳೆಯರಿಗೆ ಗೊತ್ತಿರುವುದು ಬಹುಪಾಲು ನಿಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಎರಡು ಬೀದಿ ಆಚೆಯವರಿಂದ. 2022ರಲ್ಲಿ ಲಿಂಕ್ಡ್‌ಇನ್‌ನ 2 ಕೋಟಿ ಬಳಕೆದಾರರ ಮೇಲೆ ನಡೆದ ಪ್ರಯೋಗಗಳ ಫಲಿತಾಂಶ ಪ್ರಕಟವಾದಾಗಲೂ ಹೆಚ್ಚು ಕಡಿಮೆ ಇದೇ ಕಂಡಿತು. ತೀರಾ ಅಪರಿಚಿತರೂ ಅಲ್ಲದ, ತೀರಾ ಆಪ್ತರೂ ಅಲ್ಲದ ಮಧ್ಯದವರೇ ಉದ್ಯೋಗ ಬದಲಾವಣೆಗೆ ಹೆಚ್ಚು ನೆರವಾದರು.

ಹಾಗಾಗಿ ಎರಡು ವರ್ಷ ಮುಂದಿದ್ದ ಸೀನಿಯರ್, ಇಂಟರ್ನ್‌ಶಿಪ್‌ನಲ್ಲಿ ಒಂದು ವಾರ ಪಕ್ಕದಲ್ಲಿ ಕೂತಿದ್ದವರು, ಸೆಮಿನಾರ್ ಕೊಡಲು ಬಂದು ಹೋದ ಅತಿಥಿ, ಇವರಿಗೆ ಬರೆಯಿರಿ. "ನನಗೊಂದು ಕೆಲಸ ಕೊಡಿಸಿ" ಎಂದು ಬರೆದರೆ ಅವರ ಕೈಯಲ್ಲಿಲ್ಲದ್ದನ್ನು ಕೇಳಿದಂತೆ, ಉತ್ತರವೇ ಬರಲಿಕ್ಕಿಲ್ಲ. "ನಿಮ್ಮ ಕೆಲಸದಲ್ಲಿ ಒಂದು ಮಾಮೂಲಿ ದಿನ ಹೇಗಿರುತ್ತದೆ, ಸೇರುವ ಮೊದಲು ಏನು ಕಲಿತಿದ್ದರೆ ಅನುಕೂಲವಾಗುತ್ತಿತ್ತು, ಹದಿನೈದು ನಿಮಿಷ ಮಾತಾಡಲು ಆಗುತ್ತದೆಯೇ" ಎಂದು ಕೇಳಿ. ತಮ್ಮ ಕೆಲಸದ ಬಗ್ಗೆ ಮಾತಾಡಲು ಬೇಸರಪಡುವವರನ್ನು ನಾನು ಕಂಡಿರುವುದು ಕಡಿಮೆ. ಮಾತಾಡಿದ ಮೇಲೆ ಒಂದು ಧನ್ಯವಾದದ ಸಾಲು ಕಳಿಸಿ. ಇದನ್ನು ಹೇಳಬೇಕೇ ಎನ್ನಬೇಡಿ, ಬಹಳ ಮಂದಿ ಕಳಿಸುವುದಿಲ್ಲ.

ರೆಸ್ಯೂಮೆ ಬಗ್ಗೆ ಹೆಚ್ಚು ಹೇಳಲಾರೆ, ಆ ಪಾಠ ನಿಮಗೆ ಬೇಕಾದಷ್ಟು ಆಗಿರುತ್ತದೆ. ಆದರೆ ಲಿಯೊನಾರ್ಡೊ ಡಾ ವಿಂಚಿ ಸುಮಾರು 1482ರಲ್ಲಿ ಇಟಲಿಯ ಮಿಲಾನ್‌ನ ಆಳರಸ ಲುಡೊವಿಕೊ ಸ್ಫೋರ್ಝಾಗೆ ಕೆಲಸ ಕೇಳಿ ಸಿದ್ಧಪಡಿಸಿದ ಪತ್ರದ ಕರಡು ಉಳಿದುಬಂದಿದೆ. ಅದರ ತುಂಬ ಯುದ್ಧದ ಮಾತು. ಹೊತ್ತೊಯ್ಯಬಹುದಾದ ಹಗುರ ಸೇತುವೆ ಕಟ್ಟಬಲ್ಲೆ, ಕಂದಕದ ನೀರು ಬತ್ತಿಸಬಲ್ಲೆ, ಫಿರಂಗಿ ಮಾಡಬಲ್ಲೆ ಎಂದು ಪಟ್ಟಿ ಬೆಳೆಯುತ್ತದೆ. ಶಿಲ್ಪ, ಚಿತ್ರಕಲೆಯ ಪ್ರಸ್ತಾಪ ಬರುವುದು ಕೊನೆಯಲ್ಲಿ. ಅರಸನಿಗೆ ಆಗ ಬೇಕಿದ್ದದ್ದು ಏನೆಂದು ತಿಳಿದು ಬರೆದ ಪತ್ರ ಅದು. ಅನುಮಾನವಿದ್ದರೆ ನೀವು ಹೇಳಿದ ಜಾಗದಲ್ಲಿ ಮಾಡಿ ತೋರಿಸುತ್ತೇನೆ ಎಂಬ ಮಾತೂ ಅದರಲ್ಲಿದೆ. ಒಂದೇ ರೆಸ್ಯೂಮೆಯನ್ನು ನೂರು ಕಡೆ ಎಸೆಯುವವರು ಇದನ್ನೊಮ್ಮೆ ಯೋಚಿಸಿ.

ಸಂದರ್ಶನದ ಕೊನೆಯಲ್ಲಿ "ನಿಮ್ಮದೇನಾದರೂ ಪ್ರಶ್ನೆ ಇದೆಯೇ?" ಎಂದು ಕೇಳುತ್ತಾರೆ. ನೂರಕ್ಕೆ ತೊಂಬತ್ತು ಜನ "ಇಲ್ಲ ಸರ್, ಇಲ್ಲ ಮೇಡಂ" ಎನ್ನುತ್ತಾರೆ ಎಂಬುದು ನನ್ನ ಅಂದಾಜು. ಅದು ಸೌಜನ್ಯಕ್ಕೆ ಕೇಳಿದ್ದಲ್ಲ, ನಿಜಕ್ಕೂ ನಿಮ್ಮ ಸರದಿ. ಈ ಹುದ್ದೆಯಲ್ಲಿ ಮೊದಲಿದ್ದವರು ಈಗ ಎಲ್ಲಿದ್ದಾರೆ? ಮೊದಲ ಮೂರು ತಿಂಗಳಲ್ಲಿ ನನ್ನಿಂದ ಏನು ನಿರೀಕ್ಷಿಸುತ್ತೀರಿ? ನನ್ನ ಕೆಲಸವನ್ನು ಯಾರು ನೋಡಿ ತಿದ್ದುತ್ತಾರೆ? ಕೊನೆಯ ಪ್ರಶ್ನೆಗೆ ಬರುವ ಉತ್ತರವನ್ನು ಗಮನವಿಟ್ಟು ಕೇಳಿ. ತಿದ್ದುವವರಿಲ್ಲದ ಕಡೆ ಮೊದಲ ಕೆಲಸ ಮಾಡುವುದಕ್ಕಿಂತ, ತುಸು ಕಡಿಮೆ ಸಂಬಳಕ್ಕೆ ತಿದ್ದುವವರಿರುವ ಕಡೆ ಸೇರುವುದು ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಮನೆಯ ಪರಿಸ್ಥಿತಿ ಬಿಡದಿದ್ದರೆ ಸಂಬಳವನ್ನೇ ನೋಡಿ, ಅದರಲ್ಲಿ ನಾಚಿಕೆಯಿಲ್ಲ.

ಆಫರ್ ಲೆಟರ್ ಬಂದ ಸಂಭ್ರಮದಲ್ಲಿ ಯಾರೂ ಅದನ್ನು ಪೂರ್ತಿ ಓದುವುದಿಲ್ಲ. ಓದಿ. ಪ್ರತಿ ತಿಂಗಳು ಕೈಗೆ ಬರುವುದೆಷ್ಟು, ವರ್ಷದ ಕೊನೆಗೆ "ಸಿಗಬಹುದಾದ" ಮೊತ್ತವೆಷ್ಟು ಎಂದು ಬೇರೆ ಬೇರೆ ಮಾಡಿ ನೋಡಿ. ಪ್ರೊಬೇಷನ್ (ಕೆಲಸ ಕಾಯಂ ಆಗುವ ಮೊದಲಿನ ಪರೀಕ್ಷಾ ಅವಧಿ) ಎಷ್ಟು ತಿಂಗಳು, ನೋಟಿಸ್ ಪಿರಿಯಡ್ (ಬಿಡುತ್ತೇನೆಂದು ತಿಳಿಸಿದ ಮೇಲೂ ಕೆಲಸ ಮಾಡಬೇಕಾದ ಅವಧಿ) ಎಷ್ಟು, ಮಧ್ಯದಲ್ಲಿ ಬಿಟ್ಟರೆ ಹಣ ಕಟ್ಟಬೇಕೆಂಬ ಬಾಂಡ್ ಇದೆಯೇ, ಮೂಲ ಅಂಕಪಟ್ಟಿ ಒತ್ತೆ ಇಡಲು ಹೇಳುತ್ತಾರೆಯೇ? ಅರ್ಥವಾಗದ ಸಾಲಿಗೆ ಗುರುತು ಹಾಕಿ ಎಚ್ಆರ್ ವಿಭಾಗಕ್ಕೆ ಬರೆದು ಕೇಳಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಇಷ್ಟು ಕೇಳಿದ್ದಕ್ಕೆ ಆಫರ್ ವಾಪಸ್ ಪಡೆಯುವ ಸಂಸ್ಥೆಯಿದ್ದರೆ, ನೀವು ಬಚಾವಾದಿರಿ. ಇನ್ನು, ಕೆಲಸ ಕೊಡಿಸುತ್ತೇವೆ, ಮೊದಲು ಹಣ ಕಟ್ಟಿ ಎನ್ನುವವರ ಹತ್ತಿರ ಕೇಳುವುದಕ್ಕೂ ಹೋಗಬೇಡಿ. ಖಾಸಗಿ ಉದ್ಯೋಗ ಏಜೆನ್ಸಿಗಳು ಕೆಲಸ ಹುಡುಕುವವರಿಂದ ಶುಲ್ಕ ಪಡೆಯಬಾರದು ಎಂಬುದು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1997ರ ಒಡಂಬಡಿಕೆಯ ಸಾಮಾನ್ಯ ನಿಯಮ.

ಎಐ ಬಗ್ಗೆ ಹೇಳದಿದ್ದರೆ ಪತ್ರ ಹಳೆಯದಾಯಿತು ಎನ್ನುತ್ತೀರಿ. ಬಳಸಿ, ನಾವೂ ಬಳಸುತ್ತೇವೆ. ಮನುಷ್ಯರನ್ನು ಕೇಳಲು ನಾಚಿಕೆಯಾಗುವ ಪ್ರಶ್ನೆಗಳಿಗೆ ಅದು ಒಳ್ಳೆಯ ಜಾಗವೂ ಹೌದು. ಎರಡು ವಿಷಯ ಮಾತ್ರ ನೆನಪಿಡಿ. ಕಚೇರಿಯ ದತ್ತಾಂಶವನ್ನು, ಗ್ರಾಹಕರ ಹೆಸರನ್ನು ಅನುಮತಿ ಇಲ್ಲದೆ ಹೊರಗಿನ ಯಂತ್ರಕ್ಕೆ ಹಾಕಬೇಡಿ. ಎರಡನೆಯದು, ಅದಕ್ಕೆ ನಿಮ್ಮ ಕಚೇರಿಯ ಒಳಗಿನ ಸಂಗತಿ ಗೊತ್ತಿಲ್ಲ. ಆ ವರದಿಯನ್ನು ಯಾರು ಓದುತ್ತಾರೆ, ಕಳೆದ ಸಲ ಯಾವ ಸಾಲಿಗೆ ಜಗಳವಾಯಿತು ಎಂಬುದನ್ನು ಪಕ್ಕದ ಮೇಜಿನವರೇ ಹೇಳಬೇಕು. ಯಂತ್ರ ಬರೆದದ್ದನ್ನು ಓದದೆ ಕಳಿಸಿದವರು, ಎದುರಿಗೆ ಕೂರಿಸಿ ಒಂದು ಪ್ರಶ್ನೆ ಕೇಳಿದಾಗ ತಡವರಿಸುವುದನ್ನು ಈಗೀಗ ವಾರಕ್ಕೊಮ್ಮೆಯಾದರೂ ನೋಡುತ್ತೇನೆ.

ಕೇಳಿದ್ದಕ್ಕೆ ಗದರುವ, ನಗುವ ಮ್ಯಾನೇಜರ್‌ಗಳು ಇಲ್ಲವೇ? ಇದ್ದಾರೆ. ಒಬ್ಬರು ಗದರಿದರೆ ಇನ್ನೊಬ್ಬರನ್ನು ಹುಡುಕಿ, ಪ್ರತಿ ಕಚೇರಿಯಲ್ಲೂ ಹೇಳಿಕೊಡುವ ಸ್ವಭಾವದವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ಎಷ್ಟೋ ಸಲ ಅವರು ದೊಡ್ಡ ಹುದ್ದೆಯಲ್ಲಿರುವುದಿಲ್ಲ. ಇಡೀ ಜಾಗವೇ ಹಾಗಿದ್ದರೆ, ಇನ್ನೊಂದು ಆಫರ್ ಕೈಗೆ ಬರುವ ತನಕ ತಾಳಿಕೊಂಡು, ನೋಟಿಸ್ ಅವಧಿ ಮುಗಿಸಿ, ಅನುಭವ ಪತ್ರ ಪಡೆದು, ಮಾಡುತ್ತಿದ್ದ ಕೆಲಸವನ್ನು ಮುಂದಿನವರಿಗೆ ಸರಿಯಾಗಿ ಒಪ್ಪಿಸಿ ಹೊರಡಿ. ಇದ್ದಕ್ಕಿದ್ದಂತೆ ಮಾಯವಾಗಬೇಡಿ. ಎರಡು ಸಂಸ್ಥೆ ದಾಟಿದ ಮೇಲೆ ಅದೇ ಸಹೋದ್ಯೋಗಿ ಸಂದರ್ಶನದ ಮೇಜಿನ ಆಚೆ ಕೂತಿರುವುದು ಉಂಟು. ಆದರೆ ಗದರುವುದು ಬೇರೆ, ಕಿರುಕುಳ ಬೇರೆ. ಕಿರುಕುಳವಾದರೆ ತಾಳಿಕೊಳ್ಳುವ ಮಾತೇ ಇಲ್ಲ. ದಿನಾಂಕ ಸಮೇತ ಬರೆದಿಟ್ಟುಕೊಂಡು ದೂರು ಕೊಡಿ.

ಕೊನೆಗೆ, ಈ ಪತ್ರದ ಮೇಲೆ ಕಣ್ಣಾಡಿಸುತ್ತಿರುವ ಹಿರಿಯ ಸಹೋದ್ಯೋಗಿಗಳಿಗೂ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸೆಯ ಪರಿಶೀಲನಾ ಪಟ್ಟಿಯಲ್ಲಿ, ಚರ್ಮ ಕೊಯ್ಯುವ ಮೊದಲು ಕೋಣೆಯಲ್ಲಿರುವ ಎಲ್ಲರೂ ತಮ್ಮ ಹೆಸರು ಮತ್ತು ಪಾತ್ರ ಹೇಳಿಕೊಳ್ಳಬೇಕು ಎಂಬ ಅಂಶವಿದೆ. ಒಮ್ಮೆ ಬಾಯಿ ಬಿಟ್ಟವರು ಅಗತ್ಯ ಬಿದ್ದಾಗ ಮತ್ತೆ ಬಾಯಿ ಬಿಡುತ್ತಾರೆ. ನಿಮ್ಮ ಮೀಟಿಂಗಿನಲ್ಲಿ ಮೂಲೆಯಲ್ಲಿ ಕೂತ ಹೊಸಬರು ಮೊದಲ ವಾರ ಒಂದು ಮಾತಾದರೂ ಆಡಿದರೇ? ಯಾವ ವಿಷಯಕ್ಕೆ ಯಾರನ್ನು ಕೇಳಬೇಕು ಎಂದು ಹೆಸರು ಹಿಡಿದು ಅವರಿಗೆ ಹೇಳಿದ್ದೀರಾ? ಸತತ ಮೂರು ಬ್ಯಾಚಿನವರು ಅದೇ ಪ್ರಶ್ನೆ ಹೊತ್ತು ಬಂದಿದ್ದರೆ, ತಿದ್ದಬೇಕಾದದ್ದು ಹೊಸಬರನ್ನಲ್ಲ, ನಿಮ್ಮ ಕೈಪಿಡಿಯನ್ನು.

ಇಂತಿ,
ನಿಮ್ಮಂಥ ಹೊಸಬರ ಜೊತೆ ಕೆಲಸ ಮಾಡುವ ಒಬ್ಬ ಹಿರಿಯ ಸಹೋದ್ಯೋಗಿ